ಒಂದು ಗಂಟೆ ನಲವತ್ತು ನಿಮಿಷ

ಜನವರಿ 11, ಸೋಮವಾರ

ಹಠಕ್ಕಲ್ಲ. ಹಠಕ್ಕೆ ಯಾರಾದರೂ ಒಂದು ಗಂಟೆ ನಲವತ್ತು ನಿಮಿಷ ಒಬ್ಬನ ಎದೆ ಒತ್ತುತ್ತಾರಾ? ಹಠ ಮಾಡುವವನು ಕಾಲು ಚಾಚಿ ಕೂರುತ್ತಾನೆ, ಊಟ ಬೇಡ ಅಂತಾನೆ. ನಾನು ಹಿಮದಲ್ಲಿ ಮಂಡಿಯೂರಿದ್ದೆ, ಕೈಗವಸು ಬಿಚ್ಚಿಟ್ಟು. ಭಾವನ ಕಾಲು ಮುರಿದದ್ದು ನನ್ನಿಂದ ಅಂತ ಇಡೀ ಊರು ಹೇಳಲಿ, ಒಪ್ಪುತ್ತೇನೆ. ಹಠಕ್ಕೆ ಮಾಡಿದೆ ಅಂದರೆ ಒಪ್ಪಲ್ಲ. ನಿಲ್ಲಿಸಿದ್ದು ಅವನು. ನಾನಲ್ಲ.

ಇದನ್ನೇ ಬಾಯಿಬಿಟ್ಟು ಹೇಳಿದರೆ ಅಕ್ಕ "ಮೆಲ್ಲಗೆ ಮಾತಾಡೋ, ಪಕ್ಕದ ಮನೆಗೆ ಕೇಳತ್ತೆ" ಅಂತಾಳೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇದು ಟೀಮಿನವರು ಬೆಟ್ಟ ಹತ್ತುವ ಹಗ್ಗದ ರಿಜಿಸ್ಟರು. ಹಗ್ಗದ ನಂಬರು, ಉದ್ದ, ಸವೆತ, ನೋಡಿದವರ ಸಹಿ ಅಂತ ಗೆರೆ ಹಾಕಿದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾನು ಬರೆದದ್ದೆಲ್ಲ ಇಂಥ ಗೆರೆಗಳ ಒಳಗೇ. ಬಲಗೈಯ ಮೂರು ಬೆರಳಿಗೆ ಬ್ಯಾಂಡೇಜು. ಹೆಬ್ಬೆರಳು, ತೋರುಬೆರಳು ಉಳಿದಿವೆ. ಬೈಯಲು ಅಷ್ಟು ಸಾಕು.

ಶನಿವಾರದ್ದು ಬರೆದಿಡುತ್ತೇನೆ. ಬೆಟ್ಟದ ರೆಸ್ಕ್ಯೂ ಟೀಮಿನಿಂದ ಹೋದವರು ಮೂವರು. ಲೀಡರ್ ನಮ್ಮ ಭಾವ, ಅಕ್ಕನ ಗಂಡ. ಔಷಧಿ ಚೀಲ, ಉಸಿರು ಕೊಡುವ ಬಲೂನು, ಗಡಿಯಾರ ನೋಡಿಕೊಳ್ಳುವವನು ಕಂಪೌಂಡರ್, ಊರಿನ ಕ್ಲಿನಿಕ್ಕಿನವನು. ಮತ್ತೆ ನಾನು. ಟೀಮಿನಲ್ಲಿ ನನ್ನ ಹೆಸರು ಪಟಾಕಿ. ನಾವು ಹುಡುಕಿಹೋದ ಕೇಸು ಇಪ್ಪತ್ತೆರಡು ವರ್ಷದವನು, ಒಬ್ಬನೇ ಹತ್ತಲು ಹೋಗಿ ರಾತ್ರಿಯಿಡೀ ಹಿಮದಲ್ಲಿ ಸಿಕ್ಕಿಹಾಕಿಕೊಂಡವನು. ಮಧ್ಯಾಹ್ನ ಒಂದೂವರೆಗೆ ಸಿಕ್ಕಿದ. ಒಂದು ಮೂವತ್ತೆಂಟಕ್ಕೆ ಒತ್ತಲು ಶುರು ಮಾಡಿದೆವು. ಮೂವತ್ತು ಸಲ ಒತ್ತು, ಎರಡು ಸಲ ಬಲೂನು. ಎರಡು ನಿಮಿಷಕ್ಕೊಮ್ಮೆ ಕೈ ಬದಲು. ಹೆಲಿಕಾಪ್ಟರಿಗೆ ವೈರ್‌ಲೆಸ್ಸಿನಲ್ಲಿ ಕೇಳಿದರೆ ಗಾಳಿ ಇದೆ, ಬರಲ್ಲ ಅಂದರು. ಮೂರು ಹದಿನೆಂಟಕ್ಕೆ ಭಾವ "ಸಾಕು" ಅಂದ.

ಟೀಮಿನ ಗೋಡೆಯ ಮೇಲೆ ಒಂದು ಕಾರ್ಡಿದೆ, ಏಳು ಸಾಲು. ಮೊದಲನೇ ಸಾಲು: ಮೈ ತಣ್ಣಗಾದವನು ಬೆಚ್ಚಗಾದ ಮೇಲೂ ಏಳದಿದ್ದರೆ ಮಾತ್ರ ಸತ್ತ. ಅಷ್ಟು ತಣ್ಣಗಾದವರು ಮೂರು ಗಂಟೆ ಒತ್ತಿಸಿಕೊಂಡು ಆಸ್ಪತ್ರೆಯಲ್ಲಿ ಎದ್ದು ಕೂತದ್ದಿದೆ. ಕೊನೇ ಸಾಲು: ಒತ್ತುವವರ ಪ್ರಾಣಕ್ಕೆ ಅಪಾಯ ಇದ್ದರೆ ನಿಲ್ಲಿಸು. ಭಾವನಿಗೆ ಕೊನೇ ಸಾಲು ಮಾತ್ರ ಕಾಣುತ್ತದೆ.

ನಾನು ಬಿಡಲಿಲ್ಲ. ಕಾಲರ್ ಹಿಡಿದು ಎಳೆದ. ಮೊಣಕೈ ಬೀಸಿದೆ. ಜಾರಿ ಕೆಳಗಿನ ಬಂಡೆ ಮೇಲೆ ಬಿದ್ದ. ಕಾಲು ಲಟಕ್ ಅಂದದ್ದು ಗಾಳಿಯಲ್ಲೂ ಕೇಳಿಸಿತು.

ಆ ಹುಡುಗನಿಗಾಗಿ ಹೊತ್ತೊಯ್ದ ಸ್ಟ್ರೆಚರಿನಲ್ಲಿ ಭಾವನನ್ನು ಇಳಿಸಿದೆವು.


ಜನವರಿ 12, ಮಂಗಳವಾರ

ಮನೆ ಅಂದರೆ ಎರಡೂವರೆ ಕೋಣೆ. ಮುಂದಿನದರಲ್ಲಿ ಭಾವನ ಮಂಚ, ಅಕ್ಕನ ಹೊಲಿಗೆ ಮಿಷನ್ನು. ಹಿಂದೆ ಅಡುಗೆಮನೆ. ಉಳಿದ ಅರ್ಧ ನನ್ನದು. ಕಾಲು ಚಾಚಿದರೆ ಬಾಗಿಲು ತೆರೆಯಲ್ಲ, ಬಾಗಿಲು ತೆರೆದರೆ ಕಾಲು ಚಾಚಕ್ಕಾಗಲ್ಲ. ಬೀದಿಗೆ ಹೋಗಬೇಕಂದರೆ ಭಾವನ ಮಂಚ ದಾಟಿಯೇ ಹೋಗಬೇಕು. ಅವನು ಪ್ಲಾಸ್ಟರ್ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಗೇಟ್ ಕಾಯುವವನ ಹಾಗೆ ಮಲಗಿರುತ್ತಾನೆ.

ಮೇಲಿನ ಆಫೀಸಿನಿಂದ ಫೋನು ಬಂತು. ವಿಚಾರಣೆ ಮುಗಿಯುವವರೆಗೆ ಮೂವರೂ ಟೀಮಿನ ಕಡೆ ಸುಳಿಯಬಾರದು. ಸತ್ತವನ ಮನೆಯವರ ಹತ್ತಿರ ಮಾತಾಡಬಾರದು. ವಿಚಾರಣೆ ಮಾಡುವ ಸಾಹೇಬರು ಯಾವಾಗ ಬರುತ್ತಾರೆ ಅಂದರೆ ರಸ್ತೆ ತೆರೆದ ಮೇಲೆ. ಭಾನುವಾರ ಸಂಜೆ ಕಣಿವೆ ರಸ್ತೆ ಮೇಲೆ ಹಿಮ ಕುಸಿದಿದೆ. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ.

ಕುಸಿಯುವ ಮುಂಚೆ ಬಂದ ಕೊನೇ ಬಸ್ಸಿನಲ್ಲಿ ಕೇಸಿನ ತಾಯಿ ಬಂದಿದ್ದಾರಂತೆ. ಅವತ್ತೇ ಬೇರೆ ಟೀಮಿನವರು ಅವನನ್ನು ಇಳಿಸಿದರು. ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿಟ್ಟಿದ್ದಾರೆ. ತಾಯಿ ನಮ್ಮ ಹಿಂದಿನ ಬೀದಿಯ ಲಾಡ್ಜಿನಲ್ಲಿದ್ದಾರೆ. ಅಡುಗೆಮನೆ ಕಿಟಕಿಯಿಂದ ಲಾಡ್ಜಿನ ಮೇಲಿನ ಮೊಗಸಾಲೆ ಕಾಣುತ್ತದೆ. ಆ ತುದಿಯಿಂದ ಈ ತುದಿಗೆ ನಡೆಯುತ್ತಾರೆ. ಹದಿನಾಲ್ಕು ಹೆಜ್ಜೆ, ತಿರುಗು, ಹದಿನಾಲ್ಕು ಹೆಜ್ಜೆ.

ಕಿಟಕಿಗೆ ಬಟ್ಟೆ ಕಟ್ಟು ಅಂತ ಅಕ್ಕನಿಗೆ ಹೇಳಿದೆ. "ಬೆಳಕು ಬೇಡ್ವಾ ನಂಗೆ?" ಅಂದಳು.


ಜನವರಿ 14, ಗುರುವಾರ

ಬೆಳಗ್ಗೆ ಭಾವನನ್ನು ಕಕ್ಕಸಿಗೆ ಹೊತ್ತುಕೊಂಡು ಹೋದೆ. ನನ್ನ ಕೈ ಸರಿ ಇಲ್ಲ, ಅವನ ಕಾಲು ಸರಿ ಇಲ್ಲ. ಇಬ್ಬರೂ ಸೇರಿದರೆ ಒಬ್ಬ ಸರಿಯಾದ ಮನುಷ್ಯ ಆಗಲ್ಲ.

"ಮೆಲ್ಲಗೆ ಕಣೋ, ಮೂಟೆ ಅಲ್ಲ ನಾನು."

"ಮೂಟೆ ಆಗಿದ್ರೆ ಸುಮ್ನಾದ್ರೂ ಇರ್ತಿತ್ತು."

"ಬಾಗಿಲು ಹಾಕು. ಹೊರಗೆ ನಿಂತ್ಕೊಂಡು ಹಾಡು ಹೇಳ್ಬೇಡ."

"ಹಾಡಲ್ಲ, ಎಣಿಸ್ತಿದ್ದೆ."

ಅದು ನಿಜ. ಶನಿವಾರದಿಂದ ತಲೆಯಲ್ಲಿ ಎಣಿಕೆ ನಿಂತಿಲ್ಲ. ಅಕ್ಕ ಮಿಷನ್ನು ತುಳಿದರೆ ಮೂವತ್ತಕ್ಕೆ ತಾನಾಗಿ ಉಸಿರು ಬಿಡುತ್ತೇನೆ. ಅಕ್ಕ ಊರಿನವರ ಜಾಕೆಟ್ಟು, ಚೀಲ ರಿಪೇರಿ ಮಾಡುತ್ತಾಳೆ. ದಿನವಿಡೀ ಟಕಟಕಟಕ. ಮೂವತ್ತು, ಎರಡು. ಮೂವತ್ತು, ಎರಡು. ಮಿಷನ್ನು ನಿಲ್ಲಿಸು ಅಂತ ಕೂಗಿದೆ. ನಿಲ್ಲಿಸಿದಳು. ನಿಲ್ಲಿಸಿದ್ದು ಇನ್ನೂ ಕೆಟ್ಟದಾಗಿತ್ತು. ಹೊಲಿ ಅಂದೆ. "ನಿಂಗೆ ತಲೆ ಕೆಟ್ಟಿದೆ" ಅಂದಳು.

ಮಧ್ಯಾಹ್ನ ಸ್ಟ್ರೆಚರಿನ ವಿಷಯಕ್ಕೆ ಜಗಳ. ಐದು ನಿಮಿಷ ಒತ್ತಿ, ಐದು ನಿಮಿಷ ಸಾಗಿಸಿ, ಮತ್ತೆ ಒತ್ತುತ್ತಾ ತರಬಹುದಿತ್ತು. ತಣ್ಣಗಾದವರಿಗೆ ಹಾಗೆ ಮಾಡಬಹುದು ಅಂತ ಟ್ರೇನಿಂಗಿನಲ್ಲಿ ಹೇಳಿಕೊಟ್ಟಿದ್ದೇ ಭಾವ.

"ನಿಮ್ಮನ್ನ ತಂದ್ವಿ ತಾನೇ? ಇಬ್ರೇ ತಂದ್ವಿ! ಅವ್ನನ್ನ ಮೂವರು ತರಕ್ಕಾಗ್ತಿರ್ಲಿಲ್ವಾ?"

"ನಾನು ಉಸಿರಾಡ್ತಿದ್ದೆ. ಬಂಡೆ ಬಂದ ಕಡೆ ಎರಡೂ ಕೈಲಿ ಹಗ್ಗ ಹಿಡ್ಕೊಂಡೆ, ನೀವು ಇಳಿಸಿದ್ರಿ. ಅವ್ನನ್ನ ಇಳಿಸೋಕೆ ಹಗ್ಗಕ್ಕೇ ಮೂರು ಜನ ಬೇಕು. ಆ ಅರ್ಧ ಗಂಟೆ ಎದೆ ಒತ್ತೋರು ಯಾರು? ನಿಮ್ಮಜ್ಜ ಬರ್ತಿದ್ನಾ?"

ಲೋಟ ಒದ್ದೆ. ಒಡೆಯಲಿಲ್ಲ, ಸ್ಟೀಲಿನದು. ಈ ಮನೆಯಲ್ಲಿ ಒಡೆಯುವ ಸಾಮಾನೂ ಇಲ್ಲ.


ಜನವರಿ 15, ಶುಕ್ರವಾರ

ಕಂಪೌಂಡರ್ ಬಂದು ಬ್ಯಾಂಡೇಜು ಬದಲಿಸಿದ. ನಡುಬೆರಳಿನ ತುದಿ ಕಪ್ಪಾಗಿದೆ. ಉಳಿಯಲ್ಲವೇನೋ ಅಂದ. ಆಮೇಲೆ ಚೀಲದಿಂದ ಕಾಗದ ತೆಗೆದ. ಮೂವರೂ ಸಹಿ ಹಾಕಿ ಕಳಿಸಬೇಕಾದ ಹೇಳಿಕೆ. ಭಾವ ಮಂಚದಲ್ಲೇ ಬರೆದದ್ದು.

ನಾನು ಓದುವುದು ನಿಧಾನ. ಇಬ್ಬರೂ ಗೋಡೆ ನೋಡುತ್ತಾ ಕಾದರು. "ಮಧ್ಯಾಹ್ನ 1.38ಕ್ಕೆ ತಲುಪಿದೆವು. ಆಗ ವ್ಯಕ್ತಿಯಲ್ಲಿ ನಾಡಿ, ಉಸಿರು ಇರಲಿಲ್ಲ."

"ಇದು ಸುಳ್ಳು" ಅಂದೆ.

ಕಂಪೌಂಡರ್ ಕೆಮ್ಮಿದ. ಭಾವ, "ಮುಂದೆ ಓದು" ಅಂದ.

"ಒಂದೂವರೆಗೆ ತಲುಪಿದ್ದು."

"ನೀನು ಒಂದೂವರೆಗೆ ತಲುಪ್ದೆ. ಟೀಮು ತಲುಪಿದ್ದು ಒಂದು ಮೂವತ್ತೆಂಟಕ್ಕೆ."

"ಅವ್ನು..."

"ಪಟಾಕಿ. ಸಹಿ ಹಾಕು."

ಹಾಕಿದೆ. ಬ್ಯಾಂಡೇಜಿನ ಕೈಯಲ್ಲಿ ಹೆಸರು ಇರುವೆ ಸಾಲಿನ ಹಾಗೆ ಬಂತು.

ಈಗ ಆ ಎಂಟು ನಿಮಿಷ ಬರೆಯುತ್ತೇನೆ. ಹಗ್ಗದ ರಿಜಿಸ್ಟರಿಗೆ ಏನು ಹೋಗುತ್ತದೆ.

ಮೂವರೂ ಒಟ್ಟಿಗೆ ಹತ್ತಬೇಕು ಅಂತ ಭಾವ ಹೇಳಿದ್ದ. ನಾನು ಮುಂದೆ ಓಡಿದ್ದೆ. ಆ ಹುಡುಗ ಬಂಡೆಗೆ ಒರಗಿ ಕೂತಿದ್ದ. ಮುಖ ಬೂದಿ ಬಣ್ಣ. ನಡುಗುತ್ತಿರಲಿಲ್ಲ. ನಡುಕ ನಿಂತಿದ್ದರೆ ಕೆಟ್ಟದ್ದು ಅಂತ ಗೊತ್ತು ನನಗೆ. ಭುಜ ಮುಟ್ಟಿದೆ. ಕಣ್ಣು ಬಿಟ್ಟ. ಕಣ್ಣು ಬಿಟ್ಟುಬಿಟ್ಟ! ಎರಡು ವರ್ಷದಲ್ಲಿ ಹನ್ನೊಂದು ಜನರನ್ನು ಹೊತ್ತು ತಂದಿದ್ದೇನೆ, ಎಲ್ಲರನ್ನೂ ಭಾವನೇ ಮೊದಲು ಮುಟ್ಟಿದ್ದು. ಇವನೊಬ್ಬ ನನ್ನವನು. ಖುಷಿಗೆ ಕೂಗಿದೆ. ಕಾಲ್ಬೆರಳು ನೋಡೋಣ ಅಂತ ಶೂ ಲೇಸಿಗೆ ಕೈ ಹಾಕಿದೆ.

"ಶೂ ಬಿಚ್ಬೇಡಿ" ಅಂದ. ನಾಲಿಗೆ ದಪ್ಪಗಾದ ಹಾಗೆ ಮಾತು.

"ಯಾಕೋ?"

"ಸಾಕ್ಸ್ ತೂತು. ಬೇರೆ ಹಾಕ್ಕೊಂಡು ಹೋಗೋ ಅಂದ್ಲು ಅಮ್ಮ. ನಾನು ಕೇಳ್ಲಿಲ್ಲ."

ನಕ್ಕೆ. ಅವನ ತುಟಿಯೂ ಒಂದು ಕಡೆಗೆ ಎಳೆಯಿತು. "ನನ್ನ ಸಾಕ್ಸ್ ನೋಡ್ಬೇಕು ನೀನು, ತೂತಿಗೇ ಸಾಕ್ಸ್ ಹಾಕಿದಾರೆ" ಅಂದೆ. ಬ್ಯಾಗಿನಿಂದ ಬಿಸಿ ಪ್ಯಾಕೆಟ್ಟು ತೆಗೆದು ಅವನ ಅಂಗಿಯೊಳಗೆ ತುರುಕಿದೆ. ನನ್ನ ಟೋಪಿ ಅವನಿಗೆ ಹಾಕಿದೆ. ಎಲ್ಲ ಸರಿ ಮಾಡಿದೆ. ಆಮೇಲೆ, ಹಿಮದ ಮೇಲೆ ಕೂತರೆ ಇನ್ನೂ ತಣ್ಣಗಾಗುತ್ತಾನಲ್ಲ ಅಂತ, ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ನಿಲ್ಲಿಸಿದೆ. "ಏಳಪ್ಪಾ ರಾಜ, ಮನೆಗೆ ಹೋಗೋಣ" ಅಂದೆ.

ನಿಂತ. ನನ್ನ ಭುಜ ಹಿಡಿದುಕೊಂಡು ನಿಂತ. ನಾನು ಹತ್ತರವರೆಗೂ ಎಣಿಸುವಷ್ಟು ಹೊತ್ತೂ ಇಲ್ಲ. ಆಮೇಲೆ ಕಣ್ಣು ಮೇಲೆ ಹೋಯಿತು. ನನ್ನ ಮೈಮೇಲೇ ಬಿದ್ದ.

ಕಾರ್ಡಿನ ನಾಲ್ಕನೇ ಸಾಲು: ತಣ್ಣಗಾದವನನ್ನು ಎಬ್ಬಿಸಬೇಡ, ಅಲುಗಾಡಿಸಬೇಡ, ಮಲಗಿಸಿಯೇ ತಾ. ಎಬ್ಬಿಸಿದರೆ ಎದೆಬಡಿತ ನಿಲ್ಲುತ್ತದೆ. ಆ ಕಾರ್ಡನ್ನು ಗೋಡೆಗೆ ಅಂಟಿಸಿದ್ದು ನಾನು. ಸೊಟ್ಟಗಿದೆ ಅಂತ ಭಾವ ಎರಡು ಸಲ ತೆಗೆಸಿ ಅಂಟಿಸಿದ್ದ.


ಜನವರಿ 17, ಭಾನುವಾರ

ಆ ತಾಯಿ ಮನೆಗೆ ಬಂದರು.

ನಾವು ಮಾತಾಡಬಾರದು. ಅವರು ಬರಬಾರದು ಅಂತ ಯಾರೂ ಹೇಳಿರಲಿಲ್ಲವಲ್ಲ. ಅಕ್ಕ ಬಾಗಿಲು ತೆರೆದಳು. ಗಿಡ್ಡಗಿನ ಹೆಂಗಸು, ಯಾರದೋ ದೊಡ್ಡ ಕೋಟು ಹಾಕಿಕೊಂಡಿದ್ದರು. ಚಪ್ಪಲಿ ಬಿಡಲೋ ಬೇಡವೋ ಅಂತ ಹೊಸ್ತಿಲಲ್ಲಿ ನಿಂತರು. ಅಕ್ಕ ಮಿಷನ್ನಿನ ಸ್ಟೂಲು ಕೊಟ್ಟಳು.

"ಕೆಲಸ ಕೆಡಿಸ್ದೆ" ಅಂದರು.

"ಇಲ್ಲಮ್ಮ, ಕೂತ್ಕೊಳ್ಳಿ."

ಭಾವ ಏಳಲು ಹೋದ. ಏಳಬೇಡಿ ಅಂತ ಕೈ ಮಾಡಿದರು. ಪ್ಲಾಸ್ಟರನ್ನೇ ನೋಡುತ್ತಾ, "ನನ್ ಮಗನ್ ದೆಸೆಯಿಂದ" ಅಂದರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಮುಂದೆ ಹೋಗಕ್ಕೂ ಆಗಲ್ಲ, ಹಿಂದೆ ಹೋಗಕ್ಕೂ ಆಗಲ್ಲ.

"ಒಂದೇ ಒಂದು ಕೇಳ್ಬೇಕಿತ್ತು" ಅಂದರು. "ಅವ್ನು ಏನಾದ್ರೂ ಅಂದನಾ?"

ಭಾವ ಗಂಟಲು ಸರಿಮಾಡಿಕೊಂಡ. "ಇಲ್ಲಮ್ಮ. ನಾವು ಹೋಗೋ ಹೊತ್ತಿಗೆ ಮುಗಿದಿತ್ತು. ನೋವೇನೂ ಆಗಿರಲ್ಲ. ನಿದ್ದೆ ಬಂದಂಗೆ ಆಗತ್ತೆ, ಅಷ್ಟೆ."

"ಏನೂ ಅನ್ಲಿಲ್ಲ."

"ಇಲ್ಲಮ್ಮ."

ತಲೆ ಆಡಿಸಿದರು. "ಮನೇಲೂ ಹಂಗೇ. ಫೋನ್ ಮಾಡಿದ್ರೆ ಹ್ಞೂಂ, ಹ್ಞೂಂ ಅಂತಿದ್ದ, ಅಷ್ಟೆ. ಹೊರಡೋ ದಿನ ಬೈದು ಕಳಿಸ್ದೆ ನಾನು. ಸಿಟ್ಟಲ್ಲೇ ಹೋದ್ನೋ ಏನೋ ಅಂತ." ಆಮೇಲೆ ನನ್ನ ಕಡೆ ತಿರುಗಿದರು. ಕಂಪೌಂಡರ್ ಹೇಳಿರಬೇಕು. "ನೀನಾ ಅಪ್ಪಾ ಅಷ್ಟು ಹೊತ್ತು ಒತ್ತಿದ್ದು?"

ಅವರು ಎದ್ದು ಬಂದು ನನ್ನ ಬ್ಯಾಂಡೇಜಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಮೊಟ್ಟೆ ಹಿಡಿದ ಹಾಗೆ.

"ಒಂದು ಗಂಟೆ ನಲವತ್ತು ನಿಮಿಷ ಅಂದ್ರು. ಇರ್ಲಿ ಬಿಡು. ಅಷ್ಟು ಹೊತ್ತು ಯಾರೋ ಒಬ್ರು ಅವನ್ ಜೊತೆ ಇದ್ರಲ್ಲ."

ಕೈ ಕಿತ್ತುಕೊಂಡೆ. ನನ್ನ ಅರ್ಧ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಾಲು ಮಡಚಿ. ಅವರು ಹೋಗುವವರೆಗೆ ಎಣಿಸಿದೆ.

ಸಾವಿರದ ಇನ್ನೂರು ಆದ ಮೇಲೆ ಹೋದರು.


ಜನವರಿ 18, ಸೋಮವಾರ

ಏನೂ ಇಲ್ಲ ಬರೆಯಲು. ಹದಿನಾಲ್ಕು ಹೆಜ್ಜೆ, ತಿರುಗು.


ಜನವರಿ 20, ಬುಧವಾರ

ಮಧ್ಯಾಹ್ನ ಭಾವನಿಗೆ ಹೇಳಿದೆ, ಆ ಹುಡುಗ ಮಾತಾಡಿದ ಅಂತ ಅವನ ತಾಯಿಗೆ ಹೇಳುತ್ತೇನೆ.

ಭಾವ ರೇಡಿಯೋ ಆರಿಸಿದ. "ಏನಂತ?"

"ಸಾಕ್ಸಿಂದು."

"ಯಾವಾಗ ಮಾತಾಡ್ದ ಅಂತ ಕೇಳ್ತಾರೆ. ಬದುಕಿದ್ನಾ ಅಂತ ಕೇಳ್ತಾರೆ. ಮತ್ತೆ ಹೆಂಗೆ ಸತ್ತ ಅಂತ ಕೇಳ್ತಾರೆ. ಎಲ್ಲಿ ನಿಲ್ಲಿಸ್ತೀಯ?"

"ಎಲ್ಲೂ ನಿಲ್ಸಲ್ಲ. ಪೂರ್ತಿ ಹೇಳ್ತೀನಿ."

ಅಕ್ಕ ಸೂಜಿ ಬಾಯಲ್ಲಿಟ್ಟುಕೊಂಡೇ, "ಜೈಲಿಗೆ ಹೋಗ್ತಾನಂತೆ ರೀ, ಬಟ್ಟೆ ಕಟ್ಕೊಡ್ಲಾ?" ಅಂದಳು. ಸೂಜಿ ತೆಗೆದಿಟ್ಟ ಮೇಲೆ ದನಿ ಬೇರೆ ಆಯಿತು. "ಹದಿಮೂರನೇ ವರ್ಷದಲ್ಲಿ ಮೇಷ್ಟ್ರಿಗೆ ಡಸ್ಟರ್ ಎಸೆದು ಬಂದೋನು ನೀನು. ಎಲ್ಲೂ ನಿಲ್ಲದೋನು ಆ ಟೀಮಲ್ಲಿ ಎರಡು ವರ್ಷ ನಿಂತೆ. ನಾನು ಎಷ್ಟು ನಿಶ್ಚಿಂತೆಯಿಂದ ಇದ್ದೆ ಗೊತ್ತಾ? ಅದನ್ನೂ ಒದ್ದು ಬಾ."

"ನಾನು ಒದೆಯೋದೇನು, ಅವ್ರೇ ಒದೀತಾರೆ."

"ನಿನ್ನೊಬ್ಬನ್ನೇ ಅಲ್ಲ" ಅಂದ ಭಾವ. "ಸುಳ್ಳು ಬರೆದೋನು ನಾನು. ಲೀಡರ್ ಹೋದ್ರೆ ಈ ಊರಿಗೆ ಟೀಮೇ ಇಲ್ಲ. ಅದು ಹಾಳಾಗ್ಲಿ. ಆ ತಾಯಿಗೆ ಏನ್ ಸಿಗತ್ತೆ ಹೇಳು? ಈಗ ಅವ್ರಿಗೆ ಮಗನ್ನ ಹಿಮ ತಗೊಂಡಿದೆ. ಹಿಮದ ಮೇಲೆ ಯಾರು ಎಷ್ಟು ದಿನ ಸಿಟ್ಟು ಮಾಡ್ತಾರೆ? ನೀನು ಹೇಳಿದ್ರೆ, ಸಿಕ್ಕಿದ್ದ, ಬದುಕಿದ್ದ, ಮಾತಾಡ್ತಿದ್ದ, ಕೈಯಾರೆ ಕಳ್ಕೊಂಡ್ರು. ಹೇಳಿ ಹಗುರಾಗೋನು ನೀನು. ಹೊರೋರು ಅವ್ರು."

ಅವನು ಹೇಳಿದ್ದು ಸರಿ ಇರಬಹುದು. ಸರಿ ಇದ್ದರೆ ನನಗೆ ಇನ್ನೂ ಸಿಟ್ಟು ಬರುತ್ತದೆ.

ಆಮೇಲೆ ಕೇಳಿದೆ, "ಮೂರು ಹದಿನೆಂಟಕ್ಕೇ ಯಾಕೆ ನಿಲ್ಸಿದ್ರಿ? ಇಪ್ಪತ್ತಕ್ಕೆ ಯಾಕಲ್ಲ? ಮೂರಕ್ಕೆ ಯಾಕಲ್ಲ?"

ಭಾವ ಪ್ಲಾಸ್ಟರಿನ ಅಂಚು ಕೆರೆದುಕೊಂಡ. "ಕೆಳಗಿಂದ ಹತ್ಕೊಂಡು ಬರ್ತಿದ್ದೆ. ತಲೆ ಎತ್ತಿ ನೋಡ್ದೆ, ಇಬ್ರು ನಿಂತಿದ್ರಿ. ಆಹಾ, ಸಿಕ್ಕಿದ ಅನ್ಕೊಂಡೆ. ಇನ್ನೊಂದ್ಸಲ ನೋಡ್ದೆ, ನೀನೊಬ್ನೇ ನಿಂತಿದ್ದೆ. ಆವಾಗಲೇ ಗೊತ್ತಾಯ್ತು ಏನಾಯ್ತು ಅಂತ. ಇದು ಅರ್ಧ ಗಂಟೆಗೆ ಬಿಡೋ ಕೇಸಲ್ಲ, ಇವನಿಗೋಸ್ಕರ ಆದ್ರೂ ಎಳೀಬೇಕು ಅನ್ಕೊಂಡೆ. ಎರಡೂಕಾಲಿಗೇ ನಿಲ್ಲಿಸ್ಬೇಕಿತ್ತು ನಾನು. ಮೇಲೆ ಹಿಮ ಜೋತಾಡ್ತಿತ್ತು. ಒಂದು ಗಂಟೆ ಕಾದೆ. ಆಮೇಲೆ ನಿನ್ನ ಬೆರಳು ನೋಡ್ದೆ. ಮೇಣದ ಬತ್ತಿ ಥರ ಬಿಳಿ. ನಿಂಗೆ ಗೊತ್ತೇ ಇರ್ಲಿಲ್ಲ."

ಮಿಷನ್ನು ನಿಂತಿತ್ತು.

"ಇವಳ ಮುಂದೆ ಎರಡನೇ ಹೆಣಾನೂ ತಂದು ಮಲಗಿಸ್ಬೇಕಿತ್ತಾ ನಾನು?" ಅಂದ.

ಅಂದರೆ ಆ ಒಂದು ಗಂಟೆ ನನಗೆ ಕೊಟ್ಟದ್ದು. ಆ ಹುಡುಗನಿಗಲ್ಲ. ಕಂಪೌಂಡರ್ ಇದ್ದ, ಭಾವ ಇದ್ದ, ಮೇಲೆ ಹಿಮ ಇತ್ತು. ನನಗೋಸ್ಕರ ಮೂವರನ್ನೂ ಅಲ್ಲಿ ಇಟ್ಟುಕೊಂಡಿದ್ದ.

ರೊಟ್ಟಿ ತಿಂದೆ. ಯಾಕೆ ಬರೆಯುತ್ತಿದ್ದೇನೆ ಅಂದರೆ, ಮೂರು ದಿನವಾಗಿತ್ತು ಸರಿಯಾಗಿ ತಿಂದು.


ಜನವರಿ 21, ಗುರುವಾರ

ರಸ್ತೆ ನಾಳೆ ತೆರೆಯುತ್ತದಂತೆ. ಬೆಳಗ್ಗೆ ಎಂಟಕ್ಕೆ ಕ್ಲಿನಿಕ್ಕಿನ ವ್ಯಾನು ಅವರನ್ನೂ ಅವರ ಮಗನನ್ನೂ ಕರೆದುಕೊಂಡು ಹೋಗುತ್ತದೆ. ಸಾಹೇಬರು ಮಧ್ಯಾಹ್ನ ಬರುತ್ತಾರೆ. ಕಂಪೌಂಡರ್ ಬಾಗಿಲಲ್ಲೇ ನಿಂತು ಹೇಳಿ ಹೋದ. ಒಳಗೆ ಬರಲಿಲ್ಲ. ನನ್ನ ಮುಖ ನೋಡಲೂ ಇಲ್ಲ.

ಸಂಜೆ ನೋಡಿದರೆ ನನ್ನ ಬೂಟು ಇಲ್ಲ. ಮಂಚದ ಕೆಳಗೆ, ಸೌದೆ ಹಿಂದೆ, ಮಿಷನ್ನಿನ ಡ್ರಾಯರಿನಲ್ಲೂ ನೋಡಿದೆ. ಅಕ್ಕ ಈರುಳ್ಳಿ ಹೆಚ್ಚುತ್ತಿದ್ದಳು.

"ಬೂಟೆಲ್ಲಿ?"

"ನಾನೇನು ನಿನ್ನ ಬೂಟಿಗೆ ಕಾವಲಾ?"

"ಅಕ್ಕ."

"ಚಪ್ಪಲೀಲಿ ಹೋಗು. ಮೊಣಕಾಲವರೆಗೆ ಹಿಮ ಇದೆ, ಉಳಿದ ಬೆರಳೂ ಉದುರ್ಲಿ." ಕಣ್ಣಲ್ಲಿ ನೀರಿತ್ತು. ಈರುಳ್ಳಿ ಅಂತ ಹೇಳುತ್ತಾಳೆ, ಕೇಳಿದರೆ. ಕೇಳಲಿಲ್ಲ.

ಅಡುಗೆಮನೆ ಕಿಟಕಿ ಹತ್ತಿರ ನಿಂತೆ. ಅವರು ಮೊಗಸಾಲೆಯಲ್ಲಿ ನಡೆಯುತ್ತಿರಲಿಲ್ಲ. ಕುರ್ಚಿ ಹಾಕಿಕೊಂಡು ತೊಡೆಯ ಮೇಲೆ ಏನೋ ಇಟ್ಟುಕೊಂಡು ಮಡಚುತ್ತಿದ್ದರು. ಬಟ್ಟೆ. ಅವನ ಬಟ್ಟೆ, ಕ್ಲಿನಿಕ್ಕಿನವರು ಕೊಟ್ಟಿರಬೇಕು. ಅಂಗಿ ಮಡಚಿದರು. ಪ್ಯಾಂಟು ಮಡಚಿದರು. ಆಮೇಲೆ ಏನೋ ಚಿಕ್ಕದನ್ನು ಕೈಗೆ ಹಾಕಿ ಬೆಳಕಿಗೆ ಹಿಡಿದು ನೋಡಿದರು. ತುಂಬಾ ಹೊತ್ತು ನೋಡಿದರು. ತೂತಿನಿಂದ ಬೆರಳು ಆಚೆ ಬಂದಿತ್ತು.

ಭಾವ ಹೇಳಿದ್ದು ಸರಿ. ಹೇಳಿದರೆ ಅವರು ಹೊರಬೇಕು. ಆದರೆ ಹೇಳದಿದ್ದರೂ ಹೊರುತ್ತಲೇ ಇದ್ದಾರಲ್ಲ. ಸಿಟ್ಟಲ್ಲೇ ಹೋದನೋ ಏನೋ ಅಂತ.


ಜನವರಿ 22, ಶುಕ್ರವಾರ

ಲಾಡ್ಜಿನ ಮುಂದಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಆ ತಾಯಿ ಒಳಗೆ ಕೌಂಟರಿನಲ್ಲಿ ಕಾಗದಕ್ಕೆ ಸಹಿ ಮಾಡುತ್ತಿದ್ದಾರೆ. ವ್ಯಾನು ಬಂದಿದೆ. ಈ ದಾರಿಯಲ್ಲೇ ಹಾಯಬೇಕು ಅವರು.

ಬೆಳಗ್ಗೆ ಏಳಕ್ಕೆ ಭಾವನ ಬೂಟು ಹಾಕಿಕೊಂಡೆ. ಎರಡು ಸೈಜು ದೊಡ್ಡದು, ಪೇಪರು ತುರುಕಿದೆ. ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ದಾಟ್ಕೊಂಡು ಹೋಗ್ತೀಯಾ ನನ್ನ?"

"ಎತ್ತಿ ಪಕ್ಕಕ್ಕಿಡ್ತೀನಿ."

"ಇಡು ನೋಡೋಣ. ಮೂರು ಬೆರಳಿಲ್ದೋನು."

"ಹೋಗ್ಲಿ ಬಿಡೇ" ಅಂದ ಭಾವ. ಮಂಚದಲ್ಲಿ ಎದ್ದು ಕೂತಿದ್ದ, ಗಡ್ಡ ಬೆಳೆದಿತ್ತು, ಎರಡೇ ವಾರದಲ್ಲಿ ಮುದುಕನ ಹಾಗೆ. ಅಕ್ಕ ಅವನನ್ನು ನೋಡಿದಳು. ಸರಿದು ನಿಂತಳು.

"ಏನಂತೀಯ ಹೋಗಿ?" ಭಾವ ಕೇಳಿದ.

"ಮಾತಾ‍ಡ್ದ ಅಂತೀನಿ. ಏನಂದ ಅಂತ ಹೇಳ್ತೀನಿ. ಸಿಟ್ಟಿರ್ಲಿಲ್ಲ ಅಂತೀನಿ. ಆಮೇಲೆ ನಾನು ಎಬ್ಬಿಸ್ದೆ, ಅದಕ್ಕೇ ಎದೆ ನಿಂತೋಯ್ತು ಅಂತೀನಿ. ಒಂದು ಹೇಳಿ ಇನ್ನೊಂದು ಬಿಡಲ್ಲ."

"ಹೊಡೆದ್ರೆ?"

"ಹೊಡೀಲಿ."

"ಅತ್ರೆ?"

ಅದಕ್ಕೆ ನಾನು ತಯಾರಾಗಿರಲಿಲ್ಲ. "ಇರ್ತೀನಿ ಅಲ್ಲೇ" ಅಂದೆ. "ಎಷ್ಟು ಹೊತ್ತಾದ್ರೂ ಇರ್ತೀನಿ. ಅವ್ರು ಹೋಗು ಅನ್ನೋವರೆಗೂ."

"ಮಧ್ಯಾಹ್ನ ಸಾಹೇಬ್ರು?"

"ಅವ್ರಿಗೂ ಅದೇ."

ಭಾವ ಗೋಡೆ ಕಡೆ ಮುಖ ಮಾಡಿದ. ಮುಗಿಯಿತು ಅಂದುಕೊಂಡೆ. ಚಿಲಕ ತೆಗೆದೆ. ಆಗ ಹಿಂದಿನಿಂದ ಹೇಳಿದ, ಮೆಲ್ಲಗೆ, ಹಗ್ಗದ ಗಂಟು ಹೇಳಿಕೊಡುವಾಗಿನ ದನಿಯಲ್ಲಿ.

"ಕೇಳಿಲ್ಲಿ. ಎಬ್ಬಿಸು ಅಂದಿದ್ದು ನಾನು ಅನ್ನು. ವೈರ್‌ಲೆಸ್ಸಲ್ಲಿ ಲೀಡರ್ ಹೇಳಿದ್ರು, ನಾನು ಎಬ್ಬಿಸ್ದೆ ಅನ್ನು. ಸಾಹೇಬ್ರಿಗೂ ಹಂಗೇ ಹೇಳು. ನನ್ನ ಕೆಲಸ ಹೆಂಗೂ ಹೋಗೋದೇ. ನಿಂದು ಉಳಿಯತ್ತೆ. ಕಂಪೌಂಡರ್‌ಗೆ ನಾನು ಹೇಳ್ತೀನಿ."

ನನಗೆ ಕಣ್ಣು ಕತ್ತಲೆ ಬಂತು ಸಿಟ್ಟಿಗೆ. ಬೆಟ್ಟದ ಮೇಲೂ ಇಷ್ಟು ಬಂದಿರಲಿಲ್ಲ.

"ಅದನ್ನೂ ನೀವೇ ತಗೊಳ್ತೀರಾ?" ಅಂತ ಕೂಗಿದೆ. "ನಿಲ್ಸಿದ್ದು ನೀವು, ಕಾಲು ಮುರ್ಕೊಂಡಿದ್ದು ನೀವು, ಸುಳ್ಳು ಬರೆದಿದ್ದು ನೀವು, ಇದೂ ನಿಮ್ಗೇ ಬೇಕಾ? ಇಡೀ ಬೆಟ್ಟದಲ್ಲಿ ನಂದು ಅಂತ ಅದೊಂದೇ ಇರೋದು ಭಾವ! ನನ್ ಕೈ ಮೇಲೆ ನಿಂತಿದ್ದ ಅವ್ನು! ನಂಗೆ ಬಿಡಿ ಅದನ್ನ!"

ಪಕ್ಕದ ಮನೆಗೆ ಕೇಳಿಸಿರುತ್ತದೆ. ಕೇಳಿಸಲಿ.

ಭಾವ ಏನೋ ಹೇಳಲು ಬಾಯಿ ತೆರೆದ. ಕೇಳಿಸಿಕೊಳ್ಳಲಿಲ್ಲ. ಹೊರಗೆ ಬಂದು, ಸರಿಯಾಗಿರುವ ಕೈಯಲ್ಲಿ, ಇದ್ದಬದ್ದ ಬಲವೆಲ್ಲ ಹಾಕಿ ಬಾಗಿಲು ದಢಾರ್ ಅಂತ ಬಡಿದೆ.